ಮನೆಯಿಂದ ಶಾಲೆಗೆ ಒಂದು ನಕ್ಷೆ

ಪ್ರತಿ ಜೂನ್‌ನಲ್ಲಿ ಎಂಟನೆಯ ತರಗತಿಯ ಮುಂದೆ ನಿಂತು ನನ್ನ ಪರಿಚಯ ಹೇಳಿಕೊಳ್ಳುತ್ತಿದ್ದೆ. ಊರು ಕಾರವಾರದ ಹಣಕೋಣ, ಮನೆಮಾತು ಕೊಂಕಣಿ, ಕಲಿಸುವುದು ಸಮಾಜ ವಿಜ್ಞಾನ. ನನ್ನ ಕನ್ನಡದ ರಾಗ ಕೇಳಿ ನಗುವವರು ಇವತ್ತೇ ನಕ್ಕು ಮುಗಿಸಿ, ನಾಳೆಯಿಂದ ಪಾಠ ಎನ್ನುತ್ತಿದ್ದೆ. ಅಂಕೋಲೆಯ ಹತ್ತಿರದ ಆ ಹೈಸ್ಕೂಲಿಗೆ ಬೇಲೆಕೇರಿ, ಶೆಟಗೇರಿ ಕಡೆಯ ಮಕ್ಕಳು ಬರುತ್ತಿದ್ದರು. ನಗಲು ನನ್ನ ಅಪ್ಪಣೆಗೆ ಕಾಯುವವರೇನೂ ಅಲ್ಲ.

ಆಮೇಲೆ ವಿಷಯಗಳ ಪರಿಚಯ. ಇತಿಹಾಸವನ್ನು ಬಾಯಿಪಾಠ ಮಾಡಿ ಒಪ್ಪಿಸಿದರೆ ನನ್ನ ಹತ್ತಿರ ನಡೆಯುವುದಿಲ್ಲ. ಪೌರನೀತಿಯನ್ನು ಪರೀಕ್ಷೆಯ ಹಿಂದಿನ ದಿನ ಓದಿದರೆ ಸಾಕೆಂಬುದು ಸುಳ್ಳು. ಅರ್ಥಶಾಸ್ತ್ರ ನಿಮ್ಮ ಅಮ್ಮಂದಿರಿಗೆ ನನಗಿಂತ ಚೆನ್ನಾಗಿ ಗೊತ್ತು. ಭೂಗೋಳದಲ್ಲಿ ನಕ್ಷೆ ಬರದವರಿಗೆ ಏನೂ ಬಂದಂತಲ್ಲ. ನಾನು ಬಲು ಕಟ್ಟುನಿಟ್ಟು ಎಂದು ಹೆಸರಾಗಿತ್ತು, ಆ ಹೆಸರು ನನಗೆ ಇಷ್ಟವೂ ಆಗಿತ್ತು.

ಮೊದಲ ಹೋಂವರ್ಕ್ ಎಲ್ಲ ವರ್ಷವೂ ಒಂದೇ: ಮನೆಯಿಂದ ಶಾಲೆಗೆ ಬರುವ ದಾರಿಯ ನಕ್ಷೆ. ಒಂದು ವರ್ಷ ಪುನರ್ವಸತಿ ಕಾಲನಿಯ ಹುಡುಗಿಯೊಬ್ಬಳು ಅಚ್ಚುಕಟ್ಟಾದ ಹಾಳೆ ತಂದಳು. ಮನೆ, ಬಾವಿ, ಎರಡು ಹಲಸಿನ ಮರ, ಹಳ್ಳಕ್ಕೆ ತೆಂಗಿನ ಮರದ ಸಂಕ, ಅದನ್ನು ದಾಟಿದರೆ ಕಡಲಿಗೆ ಮುಖ ಮಾಡಿದ ಶಾಲೆ. ನಮ್ಮ ಶಾಲೆ ಇರುವುದು ಹೆದ್ದಾರಿಯ ಬದಿಗೆ, ಅಲ್ಲಿಂದ ಕಡಲು ಕಾಣುವುದೇ ಇಲ್ಲ. ಕೆಂಪು ಪೆನ್ನಿನಿಂದ ಮೂಲೆಯಿಂದ ಮೂಲೆಗೆ ಗೀಟು ಎಳೆದು, ‘ತಪ್ಪು’ ಎಂದು ದೊಡ್ಡದಾಗಿ ಬರೆದು ಸಹಿ ಹಾಕಿದೆ. ಹುಡುಗಿ ಹಾಳೆ ತೆಗೆದುಕೊಂಡು ಹೋದಳು.

ಮರುದಿನ ಅವಳ ಅಜ್ಜಿ ಆ ಹಾಳೆ ಹಿಡಿದು ಸ್ಟಾಫ್ ರೂಮಿನ ಬಾಗಿಲಿಗೆ ಬಂದರು.

“ಅಕ್ಕೋರೆ, ತಪ್ಪು ಎಲ್ಲಿ ಅದೆ ತೋರಿಸಿ. ಬಾವಿ ಬದಿಗೇ ಹಲಸಿನ ಮರ ಇತ್ತು. ಸಂಕ ದಾಟಿಸಿ ಶಾಲಿಗೆ ನಾನೇ ಇವಳ್ನ ಬಿಟ್ಟು ಬತ್ತಿದ್ದೆ.”

ನಕ್ಷೆಯಲ್ಲಿದ್ದದ್ದು ಅವರು ಬಿಟ್ಟು ಬಂದ ಊರು. ನೌಕಾನೆಲೆಗೆ ಜಾಗ ಹೋದಾಗ ಹುಡುಗಿ ಅಲ್ಲಿ ಒಂದನೆಯ ತರಗತಿಯಲ್ಲಿದ್ದಳಂತೆ. ನಕ್ಷೆ ಬರೆಯಲು ಕೂತವಳಿಗೆ ಅಜ್ಜಿ ಹೇಳುತ್ತ ಹೋಗಿದ್ದರು, ಅವಳು ಬರೆಯುತ್ತ ಹೋಗಿದ್ದಳು. ಆ ನೆಲೆಯ ಗೋಡೆಯನ್ನು ನಾನು ಕಾರವಾರದಿಂದ ಬರುವಾಗ, ಹೋಗುವಾಗ ದಿನಾ ಬಸ್ಸಿನಿಂದ ನೋಡುತ್ತಿದ್ದೆ. ಹುಡುಗಿ ಕಾಲನಿಯವಳೆಂದು ಮೊದಲ ದಿನವೇ ಹೇಳಿದ್ದಳು. ನನಗೆ ನಾಚಿಕೆಯಾಯಿತು.

“ಮನೆದು ಒಂದು ಫೋಟೊ ಇಲ್ಲ ನಮ್ಮತ್ರ. ಇದೊಂದಾದ್ರೂ ಇರ್ಲಿ ಅಂದ್ಕಂಡಿದ್ದೆ” ಎಂದರು ಅಜ್ಜಿ.

ನಾನು ಬೀರುವಿನಿಂದ ಹೊಸ ಡ್ರಾಯಿಂಗ್ ಹಾಳೆ ತೆಗೆದುಕೊಟ್ಟೆ. ಇನ್ನೊಮ್ಮೆ ಹೇಳಿ ಬರೆಸಿ, ಪೂರ್ತಿ ಅಂಕ ಕೊಡುತ್ತೇನೆ ಎಂದೆ.

“ಅಂಕ ಇವಳಿಗೆ ಕೊಡಿ. ನಾ ಮತ್ತೆ ಹೇಳೂದಿಲ್ಲ. ಒಂದ್ಸಲ ಹೇಳಿದ್ದಕ್ಕೇ ಎರಡು ದಿವ್ಸ ಅನ್ನ ಸೇರ್ಲಿಲ್ಲ.”

ಹೊಸ ಹಾಳೆ ಮೇಜಿನ ಮೇಲೆಯೇ ಉಳಿಯಿತು. ಹುಡುಗಿಗೆ ಪೂರ್ತಿ ಅಂಕ ಕೊಟ್ಟೆ. ಅದರಿಂದ ಏನೂ ಸರಿಹೋಗಲಿಲ್ಲ.

ಎರಡು ವರ್ಷದ ಮೇಲೆ ಜನಗಣತಿ ಕೆಲಸಕ್ಕೆಂದು ನನ್ನನ್ನು ಅದೇ ಕಾಲನಿಗೆ ಹಾಕಿದರು. ಅಜ್ಜಿ ಗುರುತು ಹಿಡಿದು ಕುರ್ಚಿ ಕೊಟ್ಟರು, ಬೆಲ್ಲ ನೀರು ಕೊಟ್ಟರು. ಹೆಸರು, ವಯಸ್ಸು ಬರೆದುಕೊಂಡೆ. ಮುಂದಿನ ಪ್ರಶ್ನೆ, ಹಿಂದೆ ವಾಸವಿದ್ದ ಊರು.

“ಅಲ್ಲೇ ಅದೆಯಲ್ಲ ಅಕ್ಕೋರೆ, ನೋಡಿ ಬರ್ಕಣಿ” ಎಂದು ಅಜ್ಜಿ ಗೋಡೆಯ ಕಡೆ ಕೈ ತೋರಿಸಿದರು. ದೇವರ ಪಟದ ಪಕ್ಕದಲ್ಲಿ, ಗಾಜು ಹಾಕಿಸಿದ ಚೌಕಟ್ಟಿನಲ್ಲಿ ಆ ನಕ್ಷೆ ಇತ್ತು. ಬಾವಿ, ಹಲಸು, ಸಂಕ, ಶಾಲೆ. ಎಲ್ಲದರ ಮೇಲೆ ಕೆಂಪು ಗೀಟು, ‘ತಪ್ಪು’, ಕೆಳಗೆ ನನ್ನ ಸಹಿ.