ಏಕಾದಶಿಯ ದಿನ ಉಂಡ ಅಜ್ಜಿ

"ನಂಗೂ ಒಂದು ಎಲೆ ಹಾಕಮ್ಮ" ಎನ್ನುತ್ತಾ ಅಜ್ಜಿ ಅಕ್ಕನ ಪಕ್ಕ ಬಂದು ಕೂತಾಗ ಅಮ್ಮನ ಕೈಲಿದ್ದ ಸಾರಿನ ಸೌಟು ಹಾಗೇ ನಿಂತಿತು. ಅಂದು ಏಕಾದಶಿ. ಮದುವೆಯಾಗಿ ಬಂದಾಗಿನಿಂದ ಅಜ್ಜಿ ಆ ದಿನ ಅನ್ನ ಮುಟ್ಟಿದವರೇ ಅಲ್ಲ.

ಅದು ಅರವತ್ತರ ದಶಕ, ಜಯನಗರದ ನಮ್ಮ ಮನೆ. ಕಾಲೇಜು ಸೇರಿದ್ದ ಅಕ್ಕ ಸೋಮವಾರ, ಗುರುವಾರ, ಶನಿವಾರ ಎಂದು ಒಂದೊಂದೇ ದಿನ ಊಟ ಬಿಡುತ್ತಾ ಬಂದಾಗ ಪೆದ್ದರಂತೆ ನಾವೆಲ್ಲ ಅದನ್ನು ಭಕ್ತಿ ಎಂದುಕೊಂಡೆವು. ಬಂದವರೆದುರು ಹೆಚ್ಚು ಹೊಗಳಿದ್ದು ಅಜ್ಜಿಯೇ. ಕೈಯೆತ್ತಿದರೆ ಬಳೆ ಮೊಣಕೈಗೆ ಜಾರುವಷ್ಟು ಅವಳು ಸೊರಗಿದ ಮೇಲೆ ಡಾಕ್ಟರಿಗೆ ತೋರಿಸಿದೆವು.

"ಇದು ವ್ರತ ಅಲ್ಲ, ಕಾಯಿಲೆ. ಊಟ ಕಂಡ್ರೆ ಅವಳಿಗೆ ಭಯ. ಬೈಬೇಡಿ, ಬಲವಂತ ಮಾಡ್ಬೇಡಿ. ದಿನಾ ಜೊತೇಲಿ ಕೂತು ನೀವೂ ಊಟ ಮಾಡಿ" ಎಂದರು ಡಾಕ್ಟರು.

ಅಜ್ಜಿ ಆ ಮಾತನ್ನು ತಮಗೇ ಹೇಳಿದ್ದೆಂದು ತೆಗೆದುಕೊಂಡಿದ್ದರು. ಆ ಏಕಾದಶಿಯಂದು ಅನ್ನ ಕಲಸಿ ಬಾಯಿಗಿಟ್ಟರು. ಅಕ್ಕ ಅವರನ್ನೇ ದಿಟ್ಟಿಸಿದಳು. ಆಮೇಲೆ ನಾಲ್ಕು ತುತ್ತು ಉಂಡಳು.

ಅವಳು ಪೂರ್ತಿ ಗುಣವಾಗಲು ಎರಡು ವರ್ಷ ಹಿಡಿಯಿತು. ಅಲ್ಲಿಯವರೆಗೆ ಅಜ್ಜಿ ಒಂದು ಏಕಾದಶಿಯನ್ನೂ ಮಾಡಲಿಲ್ಲ. ನಾನು ಕಂಡ ಅತಿ ಕಠಿಣ ವ್ರತ ಅವರ ಆ ಊಟವೇ.