ಅಪ್ಪನ ಚೀಲದ ಸ್ಪಿರಿಟ್ ಬಾಟಲಿ

ನಿನ್ನೆ ಕುಡಚಿ ಸ್ಟೇಷನ್ನಿನಲ್ಲಿ ಪಕ್ಕ ಕುಳಿತವರು ಚೀಲದಿಂದ ದೊಡ್ಡ ಕತ್ತರಿ ತೆಗೆದು, ಸ್ಪಿರಿಟ್ ಹಚ್ಚಿ ಒರೆಸತೊಡಗಿದರು. ಆ ವಾಸನೆಗೆ ಉಳಿದವರಿಗೆ ಆಸ್ಪತ್ರೆ ನೆನಪಾಗಿರಬೇಕು. ನನಗೆ ಅಪ್ಪ ನೆನಪಾದ.

ಅಪ್ಪ ಕಾಗವಾಡದ ಸುತ್ತ ದ್ರಾಕ್ಷಿ ತೋಟಗಳಲ್ಲಿ ಚಾಟ್ನಿಗೆ, ಅಂದರೆ ಬಳ್ಳಿ ಸವರಲು ಹೋಗುತ್ತಿದ್ದ. ಹಳೆಯ ಖಾಕಿ ಪ್ಯಾಂಟಿನಿಂದ ಅವ್ವ ಹೊಲಿದ ಚೀಲಕ್ಕೆ ಎರಡು ಖಾನೆ. ಒಂದರಲ್ಲಿ ರೊಟ್ಟಿ, ಇನ್ನೊಂದರಲ್ಲಿ ಕತ್ತರಿ, ಅರಿವೆ, ಸ್ಪಿರಿಟ್ ಬಾಟಲಿ. ಪ್ರತಿ ಬಳ್ಳಿ ಮುಗಿದಾಗಲೂ ಕತ್ತರಿ ಒರೆಸುತ್ತಿದ್ದವನು ಆಗ ಅಪ್ಪನೊಬ್ಬನೇ. ಜೊತೆಯವರು ‘ಡಾಕ್ಟರ್’ ಎಂದು ನಗುತ್ತಿದ್ದರು.

ರಜೆಯಲ್ಲಿ ಒಂದು ದಿನ ಸವರಿದ ಕಡ್ಡಿ ಆರಿಸಲು ನಾನೂ ಹೋಗಿದ್ದೆ. ತೋಟದ ಮಾಲೀಕರು ರೇಗಿದರು: “ಒರಸೂದ ಬಿಡೋ, ಹೊತ್ತ ಹೊಂಟೈತಿ. ಜಲ್ದಿ ಕೈ ನಡಸು.”

ಅಪ್ಪ ಕತ್ತರಿಯನ್ನು ಒಳಗಿಟ್ಟು ಚೀಲ ಹೆಗಲಿಗೇರಿಸಿದ. “ಒಂದ ಬಳ್ಳಿ ರೋಗ ಇನ್ನೊಂದಕ್ಕ ನನ್ನ ಕೈಯಿಂದ ಹೋಗಬಾರ್ದ್ರಿ ಸಾವ್ಕಾರ್ರ. ಬ್ಯಾರೇದವ್ರನ್ನ ಕರೀರಿ.”

ಮಾಲೀಕರು ಅಡ್ಡ ಬಂದು ನಿಲ್ಲಿಸಿದರು. ಸ್ವಲ್ಪ ಹೊತ್ತಿಗೆ ತಾವೇ ಚಹಾ ತಂದುಕೊಟ್ಟು ಮತ್ತೆ ಕೆಲಸಕ್ಕೆ ಹಚ್ಚಿದರು. ಆ ಸಂಜೆ ಅಪ್ಪನ ಚೀಲ ಹೊತ್ತು ಊರ ನಡುವೆ ನಡೆದವಳು ನಾನು. ಉಳಿದಿದ್ದ ರೊಟ್ಟಿಗೂ ಸ್ಪಿರಿಟ್ಟಿನ ವಾಸನೆ. ತಮ್ಮನಿಗೂ ಕೊಡದೆ ತಿಂದೆ.

ನಿನ್ನೆ ಪಕ್ಕದವರನ್ನು ಕೇಳಿದೆ, “ಹಿಂಗ ಒರಸೂದ ನಿಮಗ ಯಾರ ಕಲಿಸ್ಯಾರ್ರಿ?”

ಅವರು ನನ್ನನ್ನು ವಿಚಿತ್ರವಾಗಿ ನೋಡಿದರು. “ಕಲಸೂದೇನ್ರಿ ಅಕ್ಕಾರ? ನಮ್ಮ ಕಾಗವಾಡ ಕಡೆ ಚಾಟ್ನಿ ಮಾಡಾವ್ರು ಎಲ್ಲಾರೂ ಹಿಂಗ ಮಾಡೂದು.”