ಮ್ಯಾಲಿನ ಮನಿ ನೋಡಾಕ ಬಂದವರು

"ಅಕ್ಕಾರ, ಇವತ್ತೂ ಬಂದಿದ್ರಲ್ರಿ. ಏನಂದ್ರು?"

ಎದುರು ಮನೆ ನೀಲಕ್ಕ ಕಟ್ಟೆ ಮೇಲೆ ಕೂತೇ ಕೇಳಿದಳು. "ತಿಳಸ್ತೇವಿ ಅಂತ ಹೇಳಿ ಹೋದ್ರವಾ" ಅಂದೆ. "ಇರ್ಲಿ ಬಿಡ್ರಿ, ಎಲ್ಲಾದಕ್ಕೂ ಋಣ ಇರಬೇಕು" ಅಂತ ಕಣ್ಣು ಒರೆಸಿಕೊಳ್ಳುವುದೊಂದು ಬಾಕಿ! ಬಾಡಿಗೆ ಮನೆಗೂ ಇಷ್ಟೊಂದು ಮರುಗುತ್ತಾರೆಯೇ?

ನಮ್ಮ ಮೇಲಿನ ಮನೆ ಖಾಲಿಯಾಗಿತ್ತು. ಮೊದಲಾದರೆ ಕಿರಾಣಿ ಅಂಗಡಿಯಲ್ಲಿ ಒಂದು ಮಾತು ಒಗೆದು ಬಂದರೆ ಸಾಕು, ಮುರಗೋಡದವರೋ ಸವದತ್ತಿಯವರೋ ಪರಿಚಯದವರೇ ಬಂದು ಇರುತ್ತಿದ್ದರು. ಈ ಸಲ ಮಗಳು ಸುಜಾತಾ, "ಅವ್ವಾ, ಇಂಟರ್‌ನೆಟ್‌ನ್ಯಾಗ ಜಾಹೀರಾತು ಫ್ರೀ ಐತಿ" ಅಂದಳು. ಫ್ರೀ ಅಂದರೆ ನಮ್ಮ ಯಜಮಾನರು ಬಿಡುತ್ತಾರೆಯೇ? ಬಸ್ ಸ್ಟ್ಯಾಂಡ್ ಹತ್ತಿರದ ಸೈಬರ್ ಕೆಫೆಗೆ ಹೋಗಿ ಹಾಕಿಸಿಯೇ ಬಂದರು.

ಶುರುವಾಯಿತು ನೋಡಿ ಕಾಟ! ಊಟಕ್ಕೆ ಕೂತರೆ ಫೋನು, ಪೂಜೆಗೆ ಕೂತರೆ ಫೋನು. ಒಬ್ಬನಂತೂ ಸೋಲಾಪುರದಿಂದ ಮಾತಾಡಿ, "ಬೈಲಹೊಂಗಲ ಎಲ್ಲಿ ಬರತೈತ್ರಿ?" ಅಂತ ನನ್ನನ್ನೇ ಕೇಳಿದ. (ಊರು ಗೊತ್ತಿಲ್ಲದವನಿಗೆ ಮನೆ ಯಾತಕ್ಕೆ?)

ರವಿವಾರ ಬಂತೆಂದರೆ ಬಾಗಿಲ ಮುಂದೆ ಕಾರು. ಗಂಡ, ಹೆಂಡತಿ, ಅತ್ತೆ, ಸೋದರಮಾವ, ಎಲ್ಲರೂ ಇಸ್ತ್ರಿ ಅರಿವೆ ಹಾಕಿಕೊಂಡು ಇಳಿಯುವವರೇ. ನಮ್ಮ ಕಡೆ ಹೊಸ್ತಿಲು ದಾಟಿ ಬಂದವರನ್ನು ಬರೀ ಬಾಯಲ್ಲಿ ಕಳಿಸುವ ಪದ್ಧತಿ ಇಲ್ಲವಲ್ಲ, ಅವಲಕ್ಕಿ, ಚಹಾ ಆಗಲೇಬೇಕು. ನನಗೆ ಮೊಣಕಾಲು ನೋವು. ಯಜಮಾನರು ಮೇಲೆ ನಳ ತಿರುಗಿಸಿ ತೋರಿಸುವುದರಲ್ಲಿ ಮಗ್ನ. ಹಾಗಾಗಿ ಟ್ರೇ ಹಿಡಿದುಕೊಂಡು ಬರುವವಳು ಸುಜಾತಾ. ತಿಂದರು, ಕುಡಿದರು, "ತಿಳಸ್ತೇವ್ರಿ" ಅಂದರು, ಹೋದರು. ತಿರುಗಿ ಬಂದವರು ಒಬ್ಬರೂ ಇಲ್ಲ.

ಇದರ ನಡುವೆ ರಾಮದುರ್ಗದ ಒಂದು ಸಂಬಂಧ ಕೂಡಿಬಂದಿತ್ತು. ಹುಡುಗ ಹೈಸ್ಕೂಲ್ ಮಾಸ್ತರ. ಯಾರನ್ನು ತೋರಿಸಿದರೂ ಮೂಗು ಮುರಿಯುತ್ತಿದ್ದ ನಮ್ಮ ಸುಜಾತಾ ಮೊದಲನೇ ಸಲ "ಹ್ಞೂಂ" ಅಂದಿದ್ದಳು. ನಾನು ಮನಸ್ಸಿನಲ್ಲೇ ಸೀರೆ ಆರಿಸಲು ಶುರು ಮಾಡಿದ್ದೆ.

ಮೊನ್ನೆ ಸಂಬಂಧ ತಂದಿದ್ದ ಕಲ್ಲಪ್ಪ ಕಾಕಾ ಬಂದರು. ಚಹಾ ಮುಟ್ಟಲಿಲ್ಲ.

"ರಾಮದುರ್ಗದವ್ರು ಹಿಂದ ಸರಿದಾರವಾ. ವಾರಕ್ಕೊಂದು ಗಾಡಿ ಬಂದು ಹುಡುಗೀನ ನೋಡಿ ಬಿಟ್ಟು ಹೋಗತೈತಂತ. ಏನರ ಐಬ ಇರಬೇಕು ಅಂತಾರ."

ನನ್ನ ಪಿತ್ತ ನೆತ್ತಿಗೇರಿತು. (ನೀಲಕ್ಕನ ತವರು ಯಾವ ಊರು ಅಂದಿರಿ? ರಾಮದುರ್ಗ!) "ಅಯ್ಯ ನನ್ನ ಶಿವನ! ಅವ್ರು ಮ್ಯಾಲಿನ ಮನಿ ನೋಡಾಕ ಬಂದವ್ರೋ ಕಾಕಾ!" ಅಂತ ಕೂಗಿಕೊಂಡೆ. ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಅಂದ ಹಿರಿಯರು, ಎರಡನ್ನೂ ಒಟ್ಟಿಗೆ ಮಾಡಬೇಡ ಅಂತ ಯಾಕೆ ಹೇಳಲಿಲ್ಲವೋ!

ಕಾಕಾ ನಕ್ಕು ನಕ್ಕು ಸುಸ್ತಾದರು. ನಮ್ಮ ಫೋನಿನಿಂದಲೇ ರಾಮದುರ್ಗಕ್ಕೆ ಮಾತಾಡಿದರು. "ಗೈರಸಮಜ ಆಗಿತ್ತಂತ, ತಪ್ಪು ತಿಳಕೊಂಡಿದ್ರಂತ. ಸೋಮವಾರ ಮಾತುಕತಿಗೆ ಬರತಾರಂತ" ಅಂದಾಗ ನನಗೆ ಹೋದ ಜೀವ ಬಂದಂತಾಯಿತು. ಆರಿದ ಚಹಾವನ್ನೇ ಗಟಗಟ ಕುಡಿದು ಕಾಕಾ ಯಜಮಾನರ ಕಡೆ ತಿರುಗಿದರು: "ಇಷ್ಟು ಮಂದಿ ಬಂದು ನೋಡ್ಯಾರಂದ್ರ ಮನಿಗೆ ಡಿಮ್ಯಾಂಡ್ ಐತೋ ತಮ್ಮಾ. ಬಾಡಿಗಿ ಏರಸು!"

"ಸೋಮವಾರ ಅವ್ರು ಬರೂದು ಬ್ಯಾಡ್ರಿ ಕಾಕಾ."

ಅಡುಗೆಮನೆ ಬಾಗಿಲಲ್ಲಿ ಸುಜಾತಾ ನಿಂತಿದ್ದಳು. ಕಣ್ಣಲ್ಲಿ ನೀರಿತ್ತು, ದನಿ ಮಾತ್ರ ಗಟ್ಟಿ. ನಾನು "ಸುಮ್ಮನಿರ" ಅಂದರೂ ಕೇಳಲಿಲ್ಲ.

"ಮಂದಿ ನೋಡಿ ಬಿಟ್ಟು ಹೋದ್ರ ಮನಿ ಬಾಡಿಗಿ ಏರತೈತಿ, ಹುಡುಗಿ ಕಿಮ್ಮತ್ತು ಮಾತ್ರ ಯಾಕ ಇಳೀತೈತ್ರಿ?"